ತಂತಿಗೇನು ಗೊತ್ತು

ಡಿಶ್‌ನಿಂದ ಟೀವಿ ಬಾಕ್ಸ್‌ಗೆ ಇಳಿದು ಬರೋ ಆ ಕರಿ ಕೇಬಲ್ ಇದ್ಯಲ್ಲ, ಅದನ್ನ ನೋಡಿದ್ರೆ ನಂಗೆ ಪಾಪ ಅನ್ಸತ್ತೆ. 950ರಿಂದ 2150 ಮೆಗಾಹರ್ಟ್ಸ್‌ವರೆಗಿನ ಚಾನೆಲ್‌ಗಳನ್ನೆಲ್ಲಾ ಹೊತ್ಕೊಂಡು ಕೆಳಗೆ ಬರ್ಬೇಕು, ಅದೇ ಹೊತ್ತಿಗೆ ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಅನ್ನೋ ಡಬ್ಬಿಗೆ ಕೆಳಗಿಂದ ಕರೆಂಟ್ ಒಯ್ಬೇಕು, ಆ ಕರೆಂಟಲ್ಲೂ ಸಂಕೇತ ಬೇರೆ, ಸಾಮಾನ್ಯವಾಗಿ 13 ವೋಲ್ಟ್ ಕೊಟ್ರೆ ಮೇಲೆ-ಕೆಳಗೆ ಅಲುಗೋ ಅಲೆ ಹಿಡಿ, 18 ಕೊಟ್ರೆ ಅಡ್ಡಡ್ಡ ಅಲುಗೋ ಅಲೆ ಹಿಡಿ ಅಂತ, ಅದ್ರ ಮೇಲೆ 22 ಕಿಲೋಹರ್ಟ್ಸ್ ಟೋನ್ ಸೇರಿಸಿದ್ರೆ ಮೇಲಿನ ಫ್ರೀಕ್ವೆನ್ಸಿಗಳ ಗುಂಪಿಗೆ ಹೋಗು ಅಂತ. ಇಷ್ಟೂ ಒಂದೇ ಎಳೆಯಲ್ಲಿ. ಯಾರಿಗೂ ಯಾರೂ ಡಿಕ್ಕಿ ಹೊಡ್ಯಲ್ಲ.

ಬಹಳ ದಿನ ನಾನು, ರಸ್ತೇಲಿ ಲೇನ್ ಇದ್ದ ಹಾಗೆ ಕೇಬಲ್ ಒಳಗೂ ಒಬ್ಬೊಬ್ರಿಗೆ ಒಂದೊಂದು ದಾರಿ ಇರತ್ತೆ ಅಂದ್ಕೊಂಡಿದ್ದೆ. ಇಲ್ಲ ಮಾರಾಯ್ರೆ. ಒಂದು ಕ್ಷಣ ಹಿಡ್ಕೊಂಡು, ತಂತಿಯ ಒಂದು ಜಾಗದಲ್ಲಿ ಅಳೆದ್ರೆ ಸಿಗೋದು ಒಂದೇ ವೋಲ್ಟೇಜು, ಎಲ್ಲಾ ಸಿಗ್ನಲ್‌ಗಳನ್ನೂ ಕೂಡಿದ ಮೊತ್ತ. ತಾನು ಎಷ್ಟು ಜನರನ್ನ ಹೊತ್ತಿದೀನಿ ಅನ್ನೋದು ತಂತಿಗೇ ಗೊತ್ತಿಲ್ಲ!

ಬೇರೆ ಮಾಡೋ ತಲೆನೋವು ತುದೀಲಿರೋ ಫಿಲ್ಟರ್‌ದು. ಅದ್ರಲ್ಲಿ ಇರೋದೇನು, ಕಾಯಿಲ್ಲು ಕೆಪಾಸಿಟರ್ರು. ಕಾಯಿಲ್‌ಗೆ ಆತುರದವರನ್ನ ಕಂಡ್ರೆ ಆಗಲ್ಲ, ನಿಧಾನಕ್ಕೆ ಅಲುಗೋದನ್ನ ಮಾತ್ರ ಒಳಗೆ ಬಿಡತ್ತೆ, ಕೆಪಾಸಿಟರ್ ಪೂರ್ತಿ ಉಲ್ಟಾ. ಎರಡನ್ನೂ ಲೆಕ್ಕ ಹಾಕಿ ಜೋಡಿಸಿದ್ರೆ ಜರಡಿ ರೆಡಿ. ನಮ್ಮ ಕಿವಿ ಮಾಡೋದೂ ಇಂಥದ್ದೇ, ಕೊಳಲೂ ಮದ್ದಳೆಯೂ ಗಾಳೀಲಿ ಕಲಸ್ಕೊಂಡೇ ಬರತ್ವೆ, ಒಳಗಿನ ಬಸವನಹುಳದ ಚಿಪ್ಪಿನಂಥ ಸುರುಳೀಲಿ ಕೊಳಲಿನಂಥ ಸಣ್ಣ ದನಿಗೆ ಬಾಗಿಲ ಹತ್ರ ನಡುಗತ್ತೆ, ಮದ್ದಳೆಯಂಥ ದಪ್ಪ ದನಿಗೆ ತುತ್ತತುದೀಲಿ.

ಒಂದೇ ತಂತೀಲಿ ಬೇರೆ ಬೇರೆ ಸ್ವರದಲ್ಲಿ ಹಲವು ಟೆಲಿಗ್ರಾಂ ಕಳ್ಸೋಕೆ ಒದ್ದಾಡ್ತಿದ್ದ ಗ್ರಹಾಂ ಬೆಲ್‌ಗೆ ಆ ಒದ್ದಾಟದಲ್ಲೇ ಫೋನ್ ಸಿಕ್ಕಿದ್ದು. 1876ರ ಆ ಪೇಟೆಂಟಿನ ಹೆಸರಲ್ಲೂ ಇರೋದು ಟೆಲಿಗ್ರಫಿನೇ, ಫೋನ್ ಅಂತಿಲ್ಲ.

ಆಮೇಲೆ ಅದೇ ಫೋನ್ ತಂತೀಲಿ ಇಂಟರ್ನೆಟ್ಟೂ ಬಂತು. ಮಾತಿಗೆ 300ರಿಂದ 3400 ಹರ್ಟ್ಸ್ ಸಾಕು, ಎಡಿಎಸ್‌ಎಲ್ ಅನ್ನೋ ಈ ಇಂಟರ್ನೆಟ್ ಸುಮಾರು 25 ಕಿಲೋಹರ್ಟ್ಸ್ ಮೇಲಿಂದ 1.1 ಮೆಗಾಹರ್ಟ್ಸ್‌ವರೆಗೆ ಹರಡ್ಕೊಳತ್ತೆ, ನಡುವೆ ಧಾರಾಳ ಖಾಲಿ ಜಾಗ. ಇಷ್ಟು ದೂರ ಇದ್ಮೇಲೆ ಫೋನ್‌ಗೆ ಹಾಕೋ ಈ ಪುಟ್ಟ ಫಿಲ್ಟರ್ ಡಬ್ಬಿ ಯಾಕೆ ಅಂತ ಅದನ್ನ ಕಿತ್ತು ಫೋನನ್ನ ನೇರ ಸಿಕ್ಸಿದ್ದೆ ಒಂದ್ಸಲ, ಜಾಣತನ. ರಿಸೀವರ್ ಎತ್ತಿದ್ರೆ ಕಿವೀಲಿ ಬುಸ್ಸ್ ಅಂತ ಹಾವು, ಆಕಡೆ ನೆಟ್ ಢಮಾರ್.

ನಿಜವಾದ ಕಿತಾಪತಿ ಮಾತ್ರ ತುಕ್ಕು ಹಿಡಿದ ಕನೆಕ್ಟರ್‌ದು. ಅಲ್ಲಿ ಸಿಗ್ನಲ್‌ಗಳು ಬರೀ ಕೂಡ್ಕೊಳಲ್ಲ, ಒಂದಕ್ಕೊಂದು ಗುಣಿಸ್ಕೊಂಡು ಎರಡರ ಮೊತ್ತ, ಎರಡರ ವ್ಯತ್ಯಾಸ ಅಂತ ಕರೀದೇ ಇರೋ ಹೊಸ ಫ್ರೀಕ್ವೆನ್ಸಿಗಳು ಹುಟ್ಕೊಳ್ತವೆ, ಅವು ಬಂದು ಬೇರೆಯವರ ಜಾಗದಲ್ಲಿ ಕೂತ್ರೆ ಯಾವ ಫಿಲ್ಟರ್‌ಗೂ ಎಬ್ಬಿಸೋಕಾಗಲ್ಲ. ಟೀವಿ ಚಿತ್ರ ಚೌಕ ಚೌಕ ಒಡೀತು ಅಂದ್ರೆ ನಾನೀಗ ರಿಮೋಟ್ ಮುಟ್ಟಲ್ಲ, ಏಣಿ ಹುಡುಕ್ತೀನಿ.