ಹಸುವಿಗೆ ಊಟ ಆಯ್ತಾ?

2024ರ ಆಗಸ್ಟ್ 21ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ಜ್ಞಾನೋದಯವಾಯಿತು. ಹಾಲು, ಮೊಸರು, ಬೆಣ್ಣೆ, ತುಪ್ಪದ ಮೇಲೆ ‘ಎ1’, ‘ಎ2’ ಎಂದು ಬರೆದುಕೊಂಡು ಮಾರುವುದು ಜನರ ದಾರಿ ತಪ್ಪಿಸುವ ಕೆಲಸ, ಅದನ್ನೆಲ್ಲ ತೆಗೆಯಿರಿ ಎಂದು ಆದೇಶ ಹೊರಡಿಸಿತು. ಆಗಸ್ಟ್ 26ರಂದು ಆ ಆದೇಶವನ್ನೇ ತೆಗೆಯಿತು. ಸಂಬಂಧಪಟ್ಟವರ ಜೊತೆ ಇನ್ನಷ್ಟು ಮಾತಾಡಬೇಕಂತೆ. ಹಾಲು ಒಡೆಯುವ ಮೊದಲೇ ಆದೇಶ ಒಡೆಯಿತು.

ಆ ಐದು ದಿನ ಬೆಂಗಳೂರಿನ ಅಪಾರ್ಟ್‌ಮೆಂಟ್ ಜನ ಹೇಗೆ ಕಳೆದರೋ ದೇವರಿಗೇ ಗೊತ್ತು. ಸರ್ಜಾಪುರ ರಸ್ತೆಯ ಯಾವ ವಾಟ್ಸಾಪ್ ಗುಂಪಿಗೆ ಬೇಕಾದರೂ ಇಣುಕಿ ನೋಡಿ. ಕಾವೇರಿ ನೀರು ಯಾವಾಗ ಬರುತ್ತೆ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಹಾಲು ಯಾವ ತಳಿಯದು ಎನ್ನುವುದಕ್ಕೆ ಮಾತ್ರ ನಲವತ್ತು ಉತ್ತರ. ಗಾಜಿನ ಬಾಟಲಿ, ಅದರ ಮೇಲೆ ಜೋಲು ಕಿವಿಯ ಹಸುವಿನ ಚಿತ್ರ, ಕೆಳಗೆ ಎ2. ಬೆಲೆ ಲೀಟರಿಗೆ ನೂರರ ಮೇಲೆ. ಕೊಳ್ಳುವವರು ಸುಮ್ನೆ ಕೊಳ್ಳುವುದಿಲ್ಲ, ಹೆಣ್ಣು ನೋಡಲು ಬಂದ ಬೀಗರ ಹಾಗೆ ಜಾತಕ ಕೇಳುತ್ತಾರೆ. ಹಸು ದೇಸಿನಾ? ಅಮ್ಮ ಯಾವ ಕಡೆಯವಳು? ಅಪ್ಪ ಶುದ್ಧ ತಳಿಯವನಾ? ಬೆನ್ನ ಮೇಲೆ ಡುಬ್ಬ ಇದೆಯಾ? ಇಷ್ಟೆಲ್ಲ ಕೇಳಿದ ಮೇಲೂ ಒಂದು ಪ್ರಶ್ನೆ ಬಾಕಿ ಉಳಿಯುತ್ತದೆ. ದಾರಿಯಲ್ಲಿ ಸಿಕ್ಕ ಅಪರಿಚಿತರಿಗೂ ‘ಊಟ ಆಯ್ತಾ’ ಎನ್ನುವ ಊರು ನಮ್ಮದು. ಹಸು ಏನು ತಿಂದಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ಎ2 ಅಂದರೆ ಏನು ಅಂತ ಬೇಗ ಹೇಳಿ ಮುಗಿಸುತ್ತೇನೆ. ಹಾಲಿನಲ್ಲಿ ಬೀಟಾ ಕೇಸಿನ್ ಅಂತ ಒಂದು ಪ್ರೋಟೀನ್ ಇದೆ. 209 ಅಮೈನೋ ಆಮ್ಲಗಳ ಸರಪಳಿ. ಅದರ 67ನೆಯ ಜಾಗದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಒಂದು ಕೊಂಡಿಯ ವ್ಯತ್ಯಾಸ. ನಮ್ಮ ದೇಸಿ ಹಸುಗಳ ಹಾಲು ಬಹುತೇಕ ಎ2, ಅದಕ್ಕೇ ಆ ಜಾತಕ. ಎ1 ಹಾಲಿನಿಂದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬರುತ್ತದೆ ಎಂಬ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲೇ ಪರಿಶೀಲಿಸಿ, ಹಾಗೆ ಹೇಳಲು ಆಧಾರ ಇಲ್ಲ ಎಂದಿತು. ಹೊಟ್ಟೆ ಉಬ್ಬರದ ವಿಷಯದಲ್ಲಿ ಸಣ್ಣಪುಟ್ಟ ಪ್ರಯೋಗಗಳು ನಡೆದಿವೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಇನ್ನು ಎ2 ಹೆಸರಿನ ದೊಡ್ಡ ವ್ಯಾಪಾರ ಶುರುವಾಗಿದ್ದು ಯಾವ ಋಷ್ಯಾಶ್ರಮದಲ್ಲೂ ಅಲ್ಲ, ನ್ಯೂಜಿಲೆಂಡ್‌ನಲ್ಲಿ, 2000ದಲ್ಲಿ. ಅಲ್ಲಿ ಆ ಹಾಲು ಕೊಡುವುದು ಡುಬ್ಬ ಇಲ್ಲದ ಸೀಮೆ ಹಸುಗಳು. ಅವುಗಳಲ್ಲೂ ಎ2 ಇರುವವು ಬೇಕಾದಷ್ಟಿವೆ, ಆರಿಸಿಕೊಂಡರೆ ಆಯಿತು. ಈ ಸುದ್ದಿಯನ್ನು ಗುಂಪಿಗೆ ಹಾಕಬೇಡಿ, ನಿಮ್ಮನ್ನು ಹೊರಗೆ ಹಾಕುತ್ತಾರೆ.

ತಮಾಷೆ ಏನೆಂದರೆ ಇದನ್ನೆಲ್ಲ ಕೇಳಿ ತಿಳಿದುಕೊಳ್ಳಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯಲ್ಲಿ ಆಡುಗೋಡಿ ಹತ್ತಿರ ಮರಗಳ ನಡುವೆ ಒಂದು ಹಳೆಯ ಕ್ಯಾಂಪಸ್ ಇದೆ. 1923ರಲ್ಲಿ ಇಂಪೀರಿಯಲ್ ಎಂಬ ಹೆಸರು ಹೊತ್ತು ಶುರುವಾದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ. ಇವತ್ತಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಅಲ್ಲೇ. 1955ರಲ್ಲಿ ಮುಖ್ಯ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋಯಿತು, ಪ್ರಾದೇಶಿಕ ಕೇಂದ್ರ ಇಲ್ಲೇ ಉಳಿಯಿತು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಈ ಸಂಸ್ಥೆಗೆ ಬಂದು ಹಸು ಸಾಕುವುದರ ಬಗ್ಗೆ ಕೇಳಿ ಕಲಿತರು. ಅವರು ಕುಡಿಯುತ್ತಿದ್ದದ್ದು ಆಡಿನ ಹಾಲು. ಆದರೂ ಹಸುವಿನ ಮೇವಿನ ಲೆಕ್ಕ ಕೇಳುವಷ್ಟು ತಾಳ್ಮೆ ಅವರಿಗಿತ್ತು. 1995ರಲ್ಲಿ ಆಡುಗೋಡಿಯಲ್ಲೇ ಇನ್ನೊಂದು ಸಂಸ್ಥೆ ಬಂತು. ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ. ನಮ್ಮ ಬಿಸಿಲ ನಾಡಿನ ದನ, ಎಮ್ಮೆ, ಕುರಿ, ಆಡುಗಳು ಏನು ತಿನ್ನಬೇಕು, ಎಷ್ಟು ತಿನ್ನಬೇಕು, ತಿಂದದ್ದು ಎಲ್ಲಿಗೆ ಹೋಗುತ್ತೆ ಎನ್ನುವುದೇ ಅದರ ಕೆಲಸ. ಅಲ್ಲಿಂದ ನಡೆದುಕೊಂಡು ಹೋದರೆ ಕೋರಮಂಗಲ. ಅಲ್ಲಿ ಸ್ಟಾರ್ಟಪ್‌ನವರು ಹಸುವಿನ ಬಗ್ಗೆ ಪವರ್‌ಪಾಯಿಂಟ್ ಮಾಡುತ್ತಾರೆ. ಎರಡರ ನಡುವೆ ಒಂದು ಸಿಗ್ನಲ್ ಇದೆ. ಅದನ್ನು ಯಾರೂ ದಾಟಿದ ಹಾಗೆ ಕಾಣುವುದಿಲ್ಲ.

ದಾಟಿದ್ದರೆ ಕೆಲವು ಸರಳ ಲೆಕ್ಕಗಳು ಸಿಗುತ್ತಿದ್ದವು. ನಾನೂರು ಕಿಲೋ ತೂಗುವ ಹಾಲು ಹಿಂಡುವ ಹಸುವಿಗೆ ದಿನಕ್ಕೆ ಹತ್ತು ಹನ್ನೆರಡು ಕಿಲೋ ಒಣ ಪದಾರ್ಥ ಹೊಟ್ಟೆಗೆ ಬೀಳಬೇಕು. ಮೈ ಉಳಿಸಿಕೊಳ್ಳಲು ಬೇಕಾದ್ದು ಬಿಟ್ಟು, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ-ಬೂಸ. ಎಮ್ಮೆಗಾದರೆ ಎರಡು ಲೀಟರಿಗೇ ಒಂದು ಕಿಲೋ. ಜೊತೆಗೆ ಒಂದು ಹಿಡಿ ಖನಿಜ ಮಿಶ್ರಣ. ಈ ಒಂದು ಹಿಡಿ ತಪ್ಪಿದರೆ ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಆಗ ಹೆಸರಘಟ್ಟದ ವೀರ್ಯ ಕೇಂದ್ರದಿಂದ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಜೋಪಾನವಾಗಿ ಬಂದ ಒಳ್ಳೆಯ ಹೋರಿಯ ವೀರ್ಯದ ಕಡ್ಡಿಯೂ ದಂಡ. ರೈತ ಮೂರನೇ ಸಲ ಗಬ್ಬದ ಇಂಜೆಕ್ಷನ್ ಹಾಕಿಸಿ ಡಾಕ್ಟರನ್ನು ಬೈಯುತ್ತಾನೆ. ಡಾಕ್ಟರು ಹಸುವನ್ನು ನೋಡುತ್ತಾರೆ. ಹಸು ಖಾಲಿ ಗೋದಲಿಯನ್ನು ನೋಡುತ್ತದೆ. ಸರಿಯಾದ ಉತ್ತರ ಗೊತ್ತಿರುವುದು ಅದಕ್ಕೊಂದಕ್ಕೇ.

ಹಾಲಿನ ಖರ್ಚಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೋಗುವುದು ಮೇವಿಗೇ. ಊರಿನ ಡೈರಿಯ ಯಂತ್ರ ಅಳೆಯುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ, ಎರಡನ್ನೇ. ಹಸುವಿನ ಕುಲ ಒತ್ತಲು ಅದರಲ್ಲಿ ಬಟನ್ ಇಲ್ಲ. ಜಾತ್ಯತೀತ ಯಂತ್ರ. ಕಡಿಮೆ ಫ್ಯಾಟ್ ಬಂದರೆ ರೈತನ ಮುಖ ಬಾಡುತ್ತದೆ, ಸಂಜೆ ಒಂದು ಕಂತೆ ರಾಗಿ ಹುಲ್ಲು ಜಾಸ್ತಿ ಹಾಕುತ್ತಾನೆ. ನಾರು ಸಾಕಷ್ಟು ಬಿದ್ದರೆ ಫ್ಯಾಟ್ ಏರುತ್ತದೆ ಎನ್ನುವುದು ಅವನಿಗೆ ಗೊತ್ತು. ಜೈವಿಕ ರಸಾಯನದ ಹೆಸರುಗಳು ಗೊತ್ತಿಲ್ಲ, ಅಷ್ಟೇ.

ಹಾಗಾದರೆ ನಗರದ ಹಸು ಏನು ತಿನ್ನುತ್ತದೆ? ಇಲ್ಲಿ ಬೆಂಗಳೂರಿನ ನಿಜವಾದ ಪ್ರತಿಭೆ ಕಾಣುತ್ತದೆ. ವರ್ತೂರು, ಬೆಳ್ಳಂದೂರು ಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ದು ಕಟ್ಟು ಕಟ್ಟಿಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ಒಳ್ಳೆ ದಷ್ಟಪುಷ್ಟವಾದ ಹಸಿರು ಹುಲ್ಲು. ಕೊಳಚೆ ನೀರಿನ ಸಾರ ಹೀರಿ ಬೆಳೆದದ್ದು. ಬೆಳ್ಳಂದೂರು ಅಂದರೆ ಗೊತ್ತಲ್ಲ, ನೀರಿಗೆ ಬೆಂಕಿ ಹತ್ತಿದ ಕೆರೆ. ಅದೇ ಹುಲ್ಲು ತಿಂದ ಹಸು ದೇಸಿ ಆಗಿದ್ದರೆ ಅದರ ಹಾಲೂ ಬಹುತೇಕ ಎ2ವೇ. 67ನೆಯ ಜಾಗದಲ್ಲಿ ಪ್ರೋಲಿನ್ ಕದಲದೆ ಕೂತಿರುತ್ತದೆ. ಪಕ್ಕದಲ್ಲಿ ಇನ್ನೇನು ಕೂತಿದೆ ಎಂದು ಬಾಟಲಿಯ ಮೇಲೆ ಬರೆಯಲು ಜಾಗ ಸಾಲುವುದಿಲ್ಲ.

ಮಾರ್ಕೆಟ್ಟಿನ ಕಸದ ರಾಶಿಯ ಹಸುವಿನ ಕತೆ ನಾನು ಹೇಳುವುದೇ ಬೇಡ. ಹೊಟ್ಟೆ ಕೊಯ್ದಾಗ ಹತ್ತಾರು ಕಿಲೋ ಪ್ಲಾಸ್ಟಿಕ್ ಸಿಗುತ್ತದೆ. ನಾವು ಅನ್ನ ಸಾಂಬಾರನ್ನು ಕವರಿಗೆ ತುಂಬಿ ಗಂಟು ಹಾಕಿ ಎಸೆದು, ಗೋವಿಗೆ ಹಾಕಿದೆ ಎಂದು ಪುಣ್ಯ ಕಟ್ಟಿಕೊಳ್ಳುತ್ತೇವೆ. ಗಂಟು ಬಿಚ್ಚಲು ಅದಕ್ಕೆ ಕೈ ಇಲ್ಲ ಅನ್ನುವುದು ನೆನಪಾಗಲ್ಲ.

ಇನ್ನು ಇಂದಿರಾನಗರ ಕಡೆಯ ಬಿಯರ್ ಪಬ್‌ಗಳದ್ದು ಬೇರೆ ಲೆಕ್ಕ. ಬಿಯರ್ ಮಾಡಿ ಉಳಿದ ಬಾರ್ಲಿ ಚರಟ ದನಗಳಿಗೆ ಹೋಗುತ್ತದೆ. ನಗಬೇಡಿ, ಅದು ಒಳ್ಳೆಯ ಮೇವು. ಪ್ರೋಟೀನ್ ಚೆನ್ನಾಗಿದೆ. ಬೇಗ ಬೂಸ್ಟು ಹಿಡಿಯುತ್ತದೆ, ತಾಜಾ ಇದ್ದಾಗಲೇ ಹಾಕಬೇಕು. ವಾರಾಂತ್ಯದಲ್ಲಿ ಪಬ್ಬಿನಲ್ಲಿ ಕೂತು ಸೀಮೆ ಹಸುವಿನ ಹಾಲು ವಿಷ ಎಂದು ಭಾಷಣ ಮಾಡಿದವರು, ಅದೇ ಹೊತ್ತಿಗೆ ಒಂದು ಸೀಮೆ ಹಸುವಿನ ರಾತ್ರಿ ಊಟಕ್ಕೆ ಕಾರಣರಾಗಿರುತ್ತಾರೆ. ಈ ಊರಿನಲ್ಲಿ ದನದ ಪೋಷಣೆಗೆ ಯಾರ ಕೊಡುಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಕುಡುಕರೇ ಮೊದಲು ಬರಬಹುದು.

ತಳಿ ಹುಚ್ಚಿನವರಿಗೆ ನಮ್ಮದೇ ತಳಿ ಬೇಕು ಅಂತಾದರೂ ಇದೆಯಾ ಅಂದರೆ, ಅದೂ ಇಲ್ಲ. ಬೆಂಗಳೂರು ಸುತ್ತಿನ ದೇಸಿ ತಳಿ ಹಳ್ಳಿಕಾರ್. ಕೊಂಬು ಹಿಂದಕ್ಕೆ ಬಾಗಿ ಮೇಲೇರಿದ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಚೆಲುವು. ಆದರೆ ಅದು ದುಡಿಮೆಯ ತಳಿ. ಹಾಲು ದಿನಕ್ಕೆ ಒಂದೆರಡು ಲೀಟರ್, ಅದೂ ಕರುವಿಗೆ ಬಿಟ್ಟು ಉಳಿದರೆ. ಮಲೆನಾಡು ಗಿಡ್ಡ ಅದಕ್ಕಿಂತ ಕಡಿಮೆ. ಇದರಲ್ಲಿ ವ್ಯಾಪಾರ ನಡೆಯುತ್ತಾ? ಅದಕ್ಕೇ ಬಾಟಲಿಯ ಮೇಲೆ ಗುಜರಾತಿನ ಗಿರ್. ಸ್ಥಳೀಯರಿಗೆ ಕೆಲಸ ಕೊಡಿ ಎನ್ನುವ ಹೋರಾಟ ಹಸುಗಳಿಗೆ ಇನ್ನೂ ತಲುಪಿಲ್ಲ.

ಆ ಗಿರ್ ಕತೆಯೂ ಕೇಳುವಂಥದ್ದೇ. ನಮ್ಮಿಂದ ಬ್ರೆಜಿಲ್‌ಗೆ ಹೋದ ಗಿರ್ ದನಗಳನ್ನು ಅಲ್ಲಿಯವರು ಪೂಜೆ ಮಾಡಲಿಲ್ಲ, ಹಾಡು ಬರೆಯಲಿಲ್ಲ. ಪ್ರತಿ ಹಸುವಿನ ಹಾಲು ಬರೆದಿಟ್ಟರು, ಒಳ್ಳೆಯ ಅಮ್ಮಂದಿರ ಮಕ್ಕಳನ್ನೇ ಹೋರಿಯಾಗಿ ಆರಿಸಿದರು, ಹುಲ್ಲುಗಾವಲು ಮಾಡಿ ಮೇಯಿಸಿದರು. ಬಿಸಿಲು, ಉಣುಗು ತಡೆಯುವ ಗುಣ ಹಾಗೇ ಉಳಿದು ಹಾಲು ಏರಿತು. ಈಗ ಅಲ್ಲಿಂದ ಗಿರ್ ವೀರ್ಯ ತರಿಸಿಕೊಳ್ಳುವ ಮಾತು ನಮ್ಮಲ್ಲಿ. ನಾವು ಇಷ್ಟು ದಿನ ಏನು ಮಾಡುತ್ತಿದ್ದೆವು? ಪರೀಕ್ಷೆಗೆ ಓದುತ್ತಿದ್ದೆವು.

ತಮಾಷೆಯಲ್ಲ ರೀ, ನಿಜವಾದ ಪರೀಕ್ಷೆ. 2021ರ ಫೆಬ್ರವರಿ 25ಕ್ಕೆ ರಾಷ್ಟ್ರೀಯ ಕಾಮಧೇನು ಆಯೋಗ ಇಡೀ ದೇಶಕ್ಕೆ ಗೋವಿಜ್ಞಾನದ ಪರೀಕ್ಷೆ ಇಟ್ಟಿತ್ತು. ಓದಲು ಕೊಟ್ಟ ಸಾಮಗ್ರಿಯಲ್ಲಿ ದೇಸಿ ಹಸುವಿನ ಹಾಲು ತುಸು ಹಳದಿ ಇರುವುದಕ್ಕೆ ಅದರಲ್ಲಿರುವ ಚಿನ್ನ ಕಾರಣ ಎಂದಿತ್ತು. ಪರೀಕ್ಷೆ ಮುಂದಕ್ಕೆ ಹೋಗಿ ಹಾಗೇ ಕಾಣೆಯಾಯಿತು. ಚಿನ್ನದ ಬೆಲೆ ಮಾತ್ರ ಏರುತ್ತಲೇ ಇದೆ. ಹಾಲಿನ ಹಳದಿಗೆ ಕಾರಣ ಹಸಿರು ಮೇವಿನಲ್ಲಿರುವ ಕ್ಯಾರೋಟಿನ್. ಹಸು ಹಸಿರು ತಿಂದರೆ ಹಾಲು ಹಳದಿ. ಎಮ್ಮೆ ಆ ಕ್ಯಾರೋಟಿನ್ ಅನ್ನು ಒಳಗೇ ಎ ವಿಟಮಿನ್ ಮಾಡಿಬಿಡುತ್ತದೆ, ಅದರ ಹಾಲು ಬಿಳಿ. ಅಲ್ಲಿಗೆ ಹಳದಿಯ ಗುಟ್ಟೂ ಗೋದಲಿಯಲ್ಲೇ ಇತ್ತು.

ಮೇವಿನ ಬಗ್ಗೆ ಯಾರೂ ಯೋಚಿಸುವುದಿಲ್ಲ ಎಂದೆ. ಪೂರ್ತಿ ಸರಿಯಲ್ಲ. ಕನಕಪುರ ರಸ್ತೆಯಲ್ಲಿ ಎರಡೆಕರೆ ಕೊಂಡ ಟೆಕ್ಕಿ ಯೋಚಿಸುತ್ತಾನೆ. ಅವನು ಹೈಡ್ರೋಪೋನಿಕ್ ಯಂತ್ರ ತರಿಸುತ್ತಾನೆ. ಮಣ್ಣಿಲ್ಲದೆ, ಟ್ರೇಯಲ್ಲಿ, ಒಂದು ಕಿಲೋ ಮೆಕ್ಕೆಜೋಳ ಮೊಳಕೆ ಹಾಕಿದರೆ ವಾರದಲ್ಲಿ ಐದಾರು ಕಿಲೋ ಹಸಿರು! ವಿಡಿಯೋಗೆ ಭರ್ಜರಿ ಲೈಕು. ಪಶು ಆಹಾರ ಓದಿದ ಯಾರನ್ನಾದರೂ ಕೇಳಿದರೆ ನೀರು ತೆಗೆದು ತೂಗಿ ಎನ್ನುತ್ತಾರೆ. ತೂಗಿದರೆ ಒಣ ಪದಾರ್ಥ ಹಾಕಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಮೊಳಕೆ ತಾನು ಉಸಿರಾಡಲು ಒಂದಿಷ್ಟು ಪಿಷ್ಟ ಸುಟ್ಟುಕೊಂಡಿರುತ್ತದೆ. ಉಳಿದದ್ದೆಲ್ಲ ನೀರು. ಕರೆಂಟು ಖರ್ಚು ಮಾಡಿ ಜೋಳವನ್ನು ಕಡಿಮೆ ಮಾಡುವ ಯಂತ್ರ. ಇಂಥದ್ದಕ್ಕೆ ಕೆಲವು ಕಡೆ ಸಬ್ಸಿಡಿಯನ್ನೂ ಕೊಟ್ಟಿದ್ದಾರೆ.

ಆಡುಗೋಡಿಯವರು ಮಾಡಿದ ನಿಜವಾದ ಕೆಲಸಗಳಿಗೆ ಇಷ್ಟು ಲೈಕು ಬರುವುದಿಲ್ಲ. ಒಂದನ್ನು ಹೇಳುತ್ತೇನೆ. ಹಸು ಮೇವು ಅರಗಿಸಿಕೊಳ್ಳುವಾಗ ಮೀಥೇನ್ ಅನಿಲ ಬಿಡುತ್ತದೆ. ಬಹುಪಾಲು ಬಾಯಿಂದಲೇ, ತೇಗಿನಲ್ಲಿ. ನೀವು ಅಂದುಕೊಂಡ ಕಡೆಯಿಂದಲ್ಲ. ಅದು ಭೂಮಿಯನ್ನು ಬಿಸಿ ಮಾಡುತ್ತದೆ, ಜೊತೆಗೆ ತಿಂದ ಮೇವಿನ ಶಕ್ತಿಯಲ್ಲೂ ಒಂದು ಪಾಲು ಹಾಗೇ ಗಾಳಿಗೆ ಹೋಗುತ್ತದೆ. ಪೋಷಣೆ ಸಂಸ್ಥೆಯವರು ಟ್ಯಾನಿನ್ ಎಂಬ ಒಗರು ಪದಾರ್ಥ ಇರುವ ಸಸ್ಯಮೂಲಗಳಿಂದ ‘ಹರಿತ್ ಧಾರಾ’ ಎಂಬ ಮಿಶ್ರಣ ಮಾಡಿದರು. ಅದಕ್ಕೂ ಮೊದಲು ಹುಣಸೆ ಬೀಜದ ಸಿಪ್ಪೆಯ ಮೇಲೆ ಕೆಲಸ ಮಾಡಿದ್ದರು. ಅವರ ಲೆಕ್ಕದಲ್ಲಿ ಮೀಥೇನ್ ಶೇ 17ರಿಂದ 20ರಷ್ಟು ಇಳಿಯುತ್ತದೆ. ನಮ್ಮ ಸಾರಿನ ಹುಣಸೆಯಿಂದ ಜಗತ್ತಿನ ಸಮಸ್ಯೆಗೆ ಮದ್ದು! ಆದರೆ ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆಯಿಂದ ಎಂಜಿನ್ ಆನ್ ಇಟ್ಟುಕೊಂಡು ನಿಂತ ಎಸ್‌ಯುವಿಯ ಒಳಗೆ, ದನದ ತೇಗಿನಿಂದ ಭೂಮಿ ಹಾಳಾಯಿತು ಎಂಬ ಪಾಡ್‌ಕಾಸ್ಟ್ ಓಡುತ್ತಿರುತ್ತದೆ.

ಇಷ್ಟರಲ್ಲಿ ಎಮ್ಮೆಗೆ ಆದ ಅನ್ಯಾಯವನ್ನು ಯಾರೂ ಗಮನಿಸಿಲ್ಲ. ಎಮ್ಮೆ ಹಾಲು ಪೂರ್ತಿ ಎ2. ಪರೀಕ್ಷೆ, ಪ್ರಮಾಣಪತ್ರ ಏನೂ ಬೇಡ, ಹುಟ್ಟಾ ಎ2. ಫ್ಯಾಟೂ ಜಾಸ್ತಿ. ಒರಟು ಹುಲ್ಲು ಕೊಟ್ಟರೂ ಅರಗಿಸಿಕೊಳ್ಳುತ್ತದೆ. ಎ2 ಬಾಟಲಿಯ ಮೇಲೆ ಎಮ್ಮೆ ಚಿತ್ರ ಎಲ್ಲಾದರೂ ನೋಡಿದ್ದೀರಾ? ಬಣ್ಣ ಕಪ್ಪು, ಯಮನ ವಾಹನ, ಕೆಸರಿನಲ್ಲಿ ಮಲಗುವ ಅಭ್ಯಾಸ ಬೇರೆ. ಪ್ರೋಟೀನ್ ಸರಿ ಇದ್ದರೂ ಸಂಬಂಧ ಕೂಡಿ ಬರಲಿಲ್ಲ.

ಕೊನೆಗೆ ತುಪ್ಪ. ಎ2 ಹಾಲಿಗಿಂತ ಜೋರು ಈಗ ಎ2 ತುಪ್ಪ. ಕಿಲೋಗೆ ಸಾವಿರಗಳಲ್ಲಿ ಬೆಲೆ. ಎ2 ಎನ್ನುವುದು ಪ್ರೋಟೀನಿನ ಹೆಸರು. ತುಪ್ಪದಲ್ಲಿ ಶೇ 99ಕ್ಕಿಂತ ಜಾಸ್ತಿ ಕೊಬ್ಬು. ಬೆಣ್ಣೆ ಕಾಯಿಸುವಾಗ ಅದರಲ್ಲಿದ್ದ ಚೂರುಪಾರು ಪ್ರೋಟೀನ್ ಕಂದು ಬಣ್ಣಕ್ಕೆ ತಿರುಗಿ ತಳಕ್ಕೆ ಇಳಿಯುತ್ತದೆ. ಅಮ್ಮಂದಿರು ಸೋಸಿ ತೆಗೆದು, ಸಕ್ಕರೆ ಹಾಕಿ ಮಕ್ಕಳ ಕೈಗೆ ಕೊಡುತ್ತಿದ್ದ ಗಸಿ ಇದೆಯಲ್ಲ, ಅದೇ. ಅಂದರೆ ನೀವು ಮೂರು ಪಟ್ಟು ದುಡ್ಡು ಕೊಟ್ಟ ಎ2 ಇರುವುದು ಮಾರುವವನ ಬಾಣಲೆಯ ತಳದಲ್ಲಿ. ಆ ಐದು ದಿನದ ಆದೇಶದಲ್ಲಿ ಕೊಬ್ಬಿನ ಪದಾರ್ಥಕ್ಕೆ ಪ್ರೋಟೀನ್ ಹೆಸರು ಹಚ್ಚುವುದರ ಬಗ್ಗೆಯೂ ಆಕ್ಷೇಪ ಇತ್ತು. ಅದೂ ವಾಪಸ್ ಹೋಯಿತು. ಎ2 ಗಸಿಯನ್ನು ಬಾಟಲಿಗೆ ತುಂಬಿ ಮಾರುವ ಯೋಚನೆ ಇನ್ನೂ ಯಾರಿಗೂ ಬಂದ ಹಾಗಿಲ್ಲ. ಕೋರಮಂಗಲದಲ್ಲಿ ಯಾರಾದರೂ ಹೂಡಿಕೆದಾರರಿಗೆ ಕಾಯುತ್ತಾ ಕೂತಿದ್ದರೆ ತಗೊಳ್ಳಿ, ಐಡಿಯಾ ಫ್ರೀ.