ಬೇಕಾಗಿದ್ದಾರೆ: ಸ್ಮೈಲಿಂಗ್ ಫೇಸ್, ಎರಡು ವರ್ಷ ಅನುಭವ

ಮೇ ತಿಂಗಳ ಕೊನೆಯ ವಾರ ತುಮಕೂರಿನ ಫ್ಲೆಕ್ಸ್ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಒಂದು ಕಾಲದಲ್ಲಿ ಹಳ್ಳಿ ಮೇಷ್ಟ್ರು ಹುಡುಗರನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ, ಹುಟ್ಟಿದ ತಾರೀಕು ಹೆತ್ತವರಿಗೂ ನೆನಪಿಲ್ಲದೆ, ಜೂನ್ 1 ಎಂದು ಬರೆದು ಕೈತೊಳೆದುಕೊಂಡರು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ 60 ತುಂಬುವಾಗ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕು. ಹಾಗಾಗಿ ಮೇ 31ಕ್ಕೆ ಕಚೇರಿ ಕಚೇರಿಯಲ್ಲೂ ಬೀಳ್ಕೊಡುಗೆ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಆರಡಿಗೆ ನಾಲ್ಕಡಿ ಫ್ಲೆಕ್ಸು.

ಫ್ಲೆಕ್ಸಿನ ಮೇಲಿರುವವರೆಲ್ಲ ‘ಸದಾ ಹಸನ್ಮುಖಿ’ಗಳು. ಮೂವತ್ತು ವರ್ಷ ಕಡತದಿಂದ ತಲೆ ಎತ್ತದೆ ‘ನಾಳೆ ಬನ್ನಿ’ ಎಂದವರೂ ಹಸನ್ಮುಖಿಗಳೇ, ಆ ನಾಳೆ ದಿನ ರಜೆ ಹಾಕಿದವರೂ ಹಸನ್ಮುಖಿಗಳೇ. ಕನ್ನಡದಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಮದುವೆ ಕರೆಯೋಲೆಯ ‘ಉಡುಗೊರೆಗಳಿಗಿಂತ ಆಶೀರ್ವಾದವೇ ಮುಖ್ಯ’ ಎಂಬ ಸಾಲಿನ ಹಾಗೆ ಅದನ್ನು ಬರೆಯುತ್ತಾರೆ, ಓದುವುದಿಲ್ಲ. ತೊಂದರೆ ಶುರುವಾಗುವುದು ಸಂಘದ ಕಾರ್ಯದರ್ಶಿಗೆ ಕೆಳಗೊಂದು ಇಂಗ್ಲಿಷ್ ಸಾಲೂ ಇರಲಿ ಅನ್ನಿಸಿದಾಗ.

‘ಇಂಗ್ಲಿಷಲ್ಲೂ ಒಂದ್ ಲೈನ್ ಹಾಕಪ್ಪ, ಡೀಸಿ ಆಫೀಸ್ನೋರು ಬರ್ತಾರೆ.’

‘ಎವರ್ ಸ್ಮೈಲಿಂಗ್ ಅಂತ ಹಾಕ್ಲಾ ಸಾ? ನಿನ್ನೆ ಇನ್ನೊಂದು ಆಫೀಸ್ನೋರಿಗೆ ಅದೇ ಹಾಕಿದ್ದು.’

‘ಅವ್ರಿಗೆ ಹಾಕಿದ್ದು ನಮಗ್ಯಾಕೆ? ಅದಕ್ಕಿಂತ ಒಂದ್ ಗ್ರೇಡ್ ಮೇಲಿಂದು ಹಾಕು. ನಮ್ ಸಾಹೇಬ್ರು ಕ್ಲಾಸ್ ಒನ್ನು.’

ನಗುವಿಗೂ ವೇತನ ಶ್ರೇಣಿ ಇದೆ ಎಂಬುದು ಹೀಗೆ ಗೊತ್ತಾಗುತ್ತದೆ. ಅಂಗಡಿಯ ಹುಡುಗ ಫ್ಲೆಕ್ಸ್ ವಿನ್ಯಾಸ ಮಾಡುವ ಕೋರಲ್‌ಡ್ರಾ ಬದಿಗಿಟ್ಟು ವರ್ಡ್ ತೆರೆಯುತ್ತಾನೆ, ‘ಸ್ಮೈಲ್’ ಎಂದು ಟೈಪ್ ಮಾಡಿ ಶಿಫ್ಟ್ ಎಫ್7 ಒತ್ತುತ್ತಾನೆ. ಅದು ಸಮಾನಪದಗಳ ಪೆಟ್ಟಿಗೆ. ಗ್ರಿನ್, ಬೀಮ್, ಸ್ಮರ್ಕ್ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತವೆ. ಯಾವುದನ್ನು ನಿವೃತ್ತರಿಗೆ ಬಡಿಸಬೇಕು, ಯಾವುದನ್ನು ಖಳನಾಯಕನಿಗೆ ಎತ್ತಿಡಬೇಕು ಎಂದು ಅಲ್ಲಿ ಬರೆದಿರುವುದಿಲ್ಲ. ‘ಸ್ಮರ್ಕ್’ ಕೇಳಲು ಗತ್ತಾಗಿದೆ, ‘ಸ್ಮಾರ್ಟ್’ನ ತಮ್ಮನ ಹಾಗೂ ಕಾಣುತ್ತದೆ. ಸಾಹೇಬರು ‘ಎವರ್ ಸ್ಮರ್ಕಿಂಗ್ ಆಫೀಸರ್’ ಆಗುತ್ತಾರೆ.

ಸ್ಮರ್ಕ್ ಎಂದರೆ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು, ಎದುರಿಗಿರುವವರನ್ನು ಕೇವಲವಾಗಿ ಕಂಡು, ತುಟಿಯ ಒಂದು ಕೊನೆಯನ್ನು ಮಾತ್ರ ಎತ್ತುವ ನಗು. ನಮ್ಮ ಕೊಂಕುನಗೆಗೆ ಹತ್ತಿರ. ನಿಜ, ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬರೀ ನಗುವುದು ಎಂದಷ್ಟೇ ಅರ್ಥವಿತ್ತು, ವಿಷ ಸೇರಿದ್ದು ಆಮೇಲೆ. ಆದರೆ ಫ್ಲೆಕ್ಸ್ ಓದುವವರು ಸಾವಿರ ವರ್ಷ ಹಿಂದಿನ ಇಂಗ್ಲಿಷ್ ಕಲಿತಿರುವುದಿಲ್ಲ. ಈಗಿನದನ್ನೂ ಬಹಳ ಜನ ಕಲಿತಿಲ್ಲ ಎಂಬುದರಿಂದಲೇ ಮಾನ ಉಳಿದಿದೆ. ಕೆಲವೊಮ್ಮೆ ಆ ಪದ ಸಾಹೇಬರಿಗೆ ಅಳತೆ ತೆಗೆದು ಹೊಲಿಸಿದಷ್ಟು ಸರಿಹೋಗುತ್ತದೆ, ಅದು ಬೇರೆ ಮಾತು.

ತಪ್ಪು ಕಣ್ಣಿಗೆ ಬಿದ್ದರೂ ತಿದ್ದುವುದು ಸುಲಭವಲ್ಲ. ಮೆಷಿನ್ನಿಗೆ ಕಳಿಸುವ ಮೊದಲು ಅಕ್ಷರಗಳನ್ನು ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡುತ್ತಾರೆ, ಇನ್ನೊಂದು ಕಂಪ್ಯೂಟರಿನಲ್ಲಿ ಫಾಂಟ್ ಕೆಡದಿರಲಿ ಎಂದು. ಕರ್ವ್ ಆದ ಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗಿಬಿಡುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಏನೂ ಆಗದು. ಮೂಲ ಕಡತ ಉಳಿಸಿಕೊಳ್ಳದವರು ಸಾಲನ್ನೇ ಮತ್ತೆ ಟೈಪ್ ಮಾಡಬೇಕು. ‘ಸ್ಮೈಲಿಂಗ್’ ಎಂಬಲ್ಲಿ ಎರಡಕ್ಷರ ಜಾಗ ಬದಲಿಸಿ ‘ಸಿಮ್ಲಿಂಗ್’ ಆದವರು ಊರಲ್ಲಿ ಇಷ್ಟೊಂದು ಜನ ಇರುವುದು ಇದೇ ಕಾರಣಕ್ಕೆ. ಅಂದಹಾಗೆ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು 2016ರಲ್ಲೇ ನಿಷೇಧವಾಗಿದೆ. ನಿಷೇಧಕ್ಕೆ ಹಾರ್ದಿಕ ಶುಭಾಶಯ ಕೋರುವ ಫ್ಲೆಕ್ಸೊಂದೇ ಬಾಕಿ.

ನಿವೃತ್ತರದು ಒಂದು ದಿನದ ಸಂಭ್ರಮ, ಬಿಡಿ. ಕೆಲಸ ಹುಡುಕುವವರ ಗತಿ ಕೇಳಿ. ‘ರಿಸೆಪ್ಷನಿಸ್ಟ್ ಬೇಕಾಗಿದ್ದಾರೆ. ಪಿಯುಸಿ, ಟ್ಯಾಲಿ, ಸ್ಮೈಲಿಂಗ್ ಫೇಸ್, ಎರಡು ವರ್ಷ ಅನುಭವ.’ ಎರಡು ವರ್ಷದ ಅನುಭವ ಟ್ಯಾಲಿಗೋ ಮುಖಕ್ಕೋ ಸ್ಪಷ್ಟವಿಲ್ಲ. ಮುಖಕ್ಕೇ ಆದರೆ ಹಿಂದಿನ ಮಾಲೀಕರಿಂದ ಪ್ರಮಾಣಪತ್ರ ತರಬೇಕಾಗುತ್ತದೆ: ಇವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ನಕ್ಕಿರುತ್ತಾರೆ, ನಡತೆ ತೃಪ್ತಿಕರ. ಸಂಬಳ ಕೇಳಿದ ತಕ್ಷಣ ಆ ಅರ್ಹತೆ ಕಳೆದುಹೋಗುವಂಥದ್ದು, ಆದ್ದರಿಂದ ಸಂಬಳವನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ.

ಬೇಡಿಕೆ ಇದ್ದಲ್ಲಿ ಪೂರೈಕೆ. ಹಾಗಾಗಿ ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಬೋರ್ಡಿನ ಕೆಳಗೆ ‘ಪರ್ಸನಾಲಿಟಿ ಡೆವಲಪ್‌ಮೆಂಟ್ ಉಚಿತ’ ಎಂದು ಸೇರಿಕೊಂಡಿದೆ. ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಉರುಹೊಡೆದ ಉತ್ತರ ಬರುತ್ತದೆ: ‘ಐ ಆಮ್ ಆಲ್ವೇಸ್ ಲಾಫಿಂಗ್ ಅಟ್ ಕಸ್ಟಮರ್ಸ್.’ ಗಿರಾಕಿಗಳನ್ನು ಕಂಡರೆ ನಾನು ಸದಾ ಗೇಲಿ ಮಾಡುತ್ತೇನೆ ಎಂದು ಎದೆ ತಟ್ಟಿ ಹೇಳಿದಂತಾಯಿತು. ತಪ್ಪು ಹುಡುಗಿಯದಲ್ಲ. ತುಟಿ ಅರಳಿದರೂ ನಗು, ಹೊಟ್ಟೆ ಹಿಡಿದು ಬಿದ್ದರೂ ನಗು ಎನ್ನುವ ನಮಗೆ ಇಂಗ್ಲಿಷಿನವರು ಸದ್ದಿಲ್ಲದ್ದಕ್ಕೆ ಸ್ಮೈಲ್, ಸದ್ದಿದ್ದರೆ ಲಾಫ್ ಎಂದು ಎರಡು ಖಾತೆ ತೆರೆದಿರುವುದು ಯಾರೂ ಹೇಳಿಕೊಟ್ಟಿಲ್ಲ. ಲಾಫ್ ಜೊತೆ ‘ಅಟ್’ ಬಂದರೆ ಮೂದಲಿಕೆ, ‘ವಿತ್’ ಬಂದರೆ ಗೆಳೆತನ. ಸ್ಮೈಲ್ ಜೊತೆ ‘ಅಟ್’ ಬಂದರೆ ಏನೂ ಅಪಾಯವಿಲ್ಲ. ‘ಆನ್’ ಬಂದರೆ ನಗುತ್ತಿರುವುದು ಮನುಷ್ಯ ಆಗಿರುವುದಿಲ್ಲ, ಅದೃಷ್ಟದೇವತೆ. ಆಕೆ ರಿಸೆಪ್ಷನಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವುದಿಲ್ಲ.

‘ಬೀಮಿಂಗ್’ ಇನ್ನೊಂದು ಹಳ್ಳ. ಮಗಳಿಗೆ ಮೆಡಿಕಲ್ ಸೀಟು ಸಿಕ್ಕ ದಿನ ಅಪ್ಪ ಬೀಮ್ ಆಗುತ್ತಾನೆ. ಅದು ಕಾರಣವಿದ್ದು ಆ ಹೊತ್ತಿಗೆ ಮುಖ ಬೆಳಗುವುದು. ಬೆಳಗಿನ ಒಂಬತ್ತೂವರೆಯಿಂದ ಸಂಜೆ ಆರೂವರೆಯವರೆಗೆ ಬೀಮ್ ಆಗುವವರನ್ನು ಕಂಡರೆ ಇಂಗ್ಲಿಷಿನವರು ಕೆಲಸ ಕೊಡುವ ಮೊದಲು ಡಾಕ್ಟರಿಗೆ ತೋರಿಸುತ್ತಾರೆ. ‘ಸಿಂಪರ್’ ಅಂದರೆ ಪೆದ್ದುಪೆದ್ದಾಗಿ ಒಯ್ಯಾರದ ನಗೆ, ‘ಲೀರ್’ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ತೆಗೆಯುವಂತೆ ಮಾಡುವ ನಗೆ. ಇವೆರಡನ್ನೂ ರೆಸ್ಯೂಮೆಯಿಂದ ದೂರ ಇಡತಕ್ಕದ್ದು.

‘ಗ್ರಿನ್’ ಎಂದರೆ ಹಲ್ಲು ಕಾಣುವ ನಗು. ಮೂಲದಲ್ಲಿ ಅದು ನಗುವೇ ಆಗಿರಲಿಲ್ಲ, ನೋವಿಗೋ ಸಿಟ್ಟಿಗೋ ಹಲ್ಲು ಕಿರಿಯುವುದಾಗಿತ್ತು. ಹಲ್ಲಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆ ಯಾರಿಗೂ ಕಡಿಮೆಯಿಲ್ಲ. ‘ಟೂಥಿ ಗ್ರಿನ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಗೌರವದಿಂದ ಸಲ್ಲಿಸಬಹುದಾದ ಒಬ್ಬರು ತಿಪಟೂರಿನವರೇ ಇದ್ದರು, ನರಸಿಂಹರಾಜು. ಆ ಹಲ್ಲು ತೆರೆಯ ಮೇಲೆ ಕಂಡರೆ ಸಾಕು, ಟಾಕೀಸಿನಲ್ಲಿ ಕೂತವರು ನಗುತ್ತಿದ್ದರು. ಅದಕ್ಕೂ ಮೊದಲು, ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ವೀರಣ್ಣನವರು ಹಾಸ್ಯಪಾತ್ರಕ್ಕೆ ಬಂದರೆ ಊರೂರೇ ಗಾಡಿ ಕಟ್ಟುತ್ತಿತ್ತು. ಅವರಿಬ್ಬರೂ ಇಂದು ಅರ್ಜಿ ಹಾಕಿದರೆ ‘ಪ್ಲೆಸೆಂಟ್ ಪರ್ಸನಾಲಿಟಿ’ ಕಲಮಿನಲ್ಲಿ ಫೇಲು.

ತರಬೇತಿಯಲ್ಲಿ ಪ್ರಾಕ್ಟಿಕಲ್ ಕೂಡ ಉಂಟು. ವಿಡಿಯೋ ನೋಡಿ ಕಲಿತ ತರಬೇತುದಾರರು ಹುಡುಗರ ಹಲ್ಲಿನ ನಡುವೆ ಅಡ್ಡಲಾಗಿ ಪೆನ್ನು ಕಚ್ಚಿಸುತ್ತಾರೆ. ತುಟಿ ತಾಗಬಾರದು, ಕೆನ್ನೆ ಮೇಲೇರಬೇಕು, ಆಗ ತಂತಾನೆ ಖುಷಿ ಬರುತ್ತದಂತೆ. ಈ ಪೆನ್ನಿನ ಮೂಲ 1988ರ ಒಂದು ಪ್ರಯೋಗ. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಆ ಸುದ್ದಿ ಬೆಂಗಳೂರು ದಾಟಿ ಕ್ಯಾತ್ಸಂದ್ರದ ಟೋಲಿನವರೆಗೆ ಇನ್ನೂ ಬಂದಿಲ್ಲ. ಬಂದಿದ್ದರೂ ಪೆನ್ನುಗಳನ್ನು ಆಗಲೇ ಬಾಕ್ಸುಗಟ್ಟಲೆ ತಂದಾಗಿದೆ.

ಪೆನ್ನಿಗೆ ಎಟುಕದ ಜಾಗವೊಂದಿದೆ. ತುಟಿಯ ಕೊನೆಗಳನ್ನು ಮೇಲಕ್ಕೆಳೆಯುವುದು ಕೆನ್ನೆಯ ಝೈಗೊಮ್ಯಾಟಿಕಸ್ ಮೇಜರ್ ಎಂಬ ಸ್ನಾಯು. ಅದು ಹೇಳಿದ ಮಾತು ಕೇಳುತ್ತದೆ, ಮ್ಯಾನೇಜರ್ ಬಂದ ಕೂಡಲೇ ಎದ್ದು ನಿಲ್ಲುತ್ತದೆ. ಮನಸ್ಸಿನಿಂದ ನಕ್ಕಾಗ ಕಣ್ಣಿನ ಸುತ್ತಲ ಸ್ನಾಯುವೂ ಬಿಗಿದು ಅಂಚಿನಲ್ಲಿ ನೆರಿಗೆ ಮೂಡುತ್ತದೆ. ಬೇಕೆಂದಾಗ ಅದನ್ನು ಕುಣಿಸುವುದು ಬಹಳ ಜನರಿಗೆ ಕಷ್ಟ. ಫ್ರಾನ್ಸಿನ ವೈದ್ಯ ದ್ಯುಶೆನ್ ಜನರ ಮುಖಕ್ಕೆ ವಿದ್ಯುತ್ ಮುಟ್ಟಿಸಿ, ಫೋಟೊ ಹಿಡಿದು, 1862ರಲ್ಲಿ ಇದನ್ನೆಲ್ಲ ಬರೆದಿಟ್ಟ. ಆದ್ದರಿಂದಲೇ ಇಂಗ್ಲಿಷಿನಲ್ಲಿ ಮನಸಾರೆ ನಗುವಿಗೆ ಇವತ್ತಿಗೂ ಆತನ ಹೆಸರು. ಕಣ್ಣು ಸೇರದ ನಗುವಿಗೆ ‘ಫೋರ್ಸ್ಡ್’, ‘ಫಿಕ್ಸ್ಡ್’ ಎಂಬ ವಿಶೇಷಣಗಳಿವೆ. ಜಾಹೀರಾತು ಕೊಟ್ಟವರಿಗೆ ಬೇಕಾಗಿರುವುದು ಹೆಚ್ಚುಕಡಿಮೆ ಇದೇ, ಪದವನ್ನು ಮಾತ್ರ ಅಚ್ಚು ಹಾಕಿಸುವ ಧೈರ್ಯವಿಲ್ಲ.

ಇನ್ನು ಎಲ್‌ಕೆಜಿ. ಇಂಗ್ಲಿಷ್ ಮೀಡಿಯಂ ಶಾಲೆಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ‘ರಿಮಾರ್ಕ್ಸ್’ ಎಂಬ ಗೆರೆ ಇರುತ್ತದೆ. ನಲವತ್ತು ಮಕ್ಕಳಿಗೆ ನಲವತ್ತು ಬೇರೆ ಮಾತು ಬರೆಯಬೇಕೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಮೊದಲ ಹತ್ತು ಮಕ್ಕಳು ‘ಚಿಯರ್‌ಫುಲ್’. ಅಲ್ಲಿಗೆ ನಿಲ್ಲಿಸಿದ್ದರೆ ಕ್ಷೇಮವಿತ್ತು, ಅದು ಮೂರು ವರ್ಷದವರಿಗೂ ನೂರು ವರ್ಷದವರಿಗೂ ಒಪ್ಪುವ ಪದ. ‘ಸನ್ನಿ’ ಕೂಡ ಮಕ್ಕಳಿಗೆ ಚೆನ್ನ, ಆದರೆ ಸಂಜೆ ಕಾರ್ಡು ಓದುವ ಅಜ್ಜಿ ‘ಮಗೀಗೆ ಸನ್ನಿ ಹಿಡಿದೈತಂತೆ’ ಎಂದು ಮಂತ್ರ ಹಾಕಿಸಲು ಹೊರಡುವ ಅಪಾಯವಿದೆ. ಇಪ್ಪತ್ತು ದಾಟುವ ಹೊತ್ತಿಗೆ ಮಿಸ್ಸಿನ ಕೈಗೆ ‘ಜೋವಿಯಲ್’ ಸಿಗುತ್ತದೆ. ನಾಲ್ಕು ವರ್ಷದ ಕೂಸನ್ನು ಜೋವಿಯಲ್ ಎಂದರೆ ಅದು ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಜೋರುದನಿಯಲ್ಲಿ ಹಳೇ ಜೋಕು ಹೇಳುವ ದೊಡ್ಡಪ್ಪನ ಹಾಗೆ ಕೇಳುತ್ತದೆ.

ಆ ಪದಕ್ಕೆ ನಿಜವಾದ ಜಾಗ ಮದುವೆ ಬಯೋಡಾಟಾ. ಜೋವಿಯಲ್ ಬಂದಿರುವುದು ರೋಮನ್ನರ ಜೋವ್ ದೇವರಿಂದ. ಜೋವ್ ಎಂದರೆ ಜ್ಯುಪಿಟರ್, ನಮ್ಮ ಗುರುಗ್ರಹ. ಆ ಗ್ರಹದಡಿ ಹುಟ್ಟಿದವರು ಉಲ್ಲಾಸಿಗಳು ಎಂದು ಯೂರೋಪಿನ ಹಳೇ ಜ್ಯೋತಿಷಿಗಳು ನಂಬಿದ್ದರು. ಎಂದಮೇಲೆ ಹುಡುಗ ಜೋವಿಯಲ್ ಎಂದು ಬರೆದರೆ ಸ್ವಭಾವವೂ ಆಯಿತು, ಗುರುಬಲವೂ ಆಯಿತು, ಒಂದು ಸಾಲು ಉಳಿತಾಯ. ಅಜ್ಜನ ಕಾಲದ ನಿಘಂಟು ನೋಡಿ ‘ಗೇ’ ಎಂದು ಬರೆಯುವವರು ಸ್ವಲ್ಪ ತಡೆಯಿರಿ. ಅದು ಈಗ ಹೇಳುವ ಸಂಗತಿ ಬೇರೆ. ಹುಡುಗಿ ಕಡೆಯವರಿಗೆ ಮೊದಲೇ ತಿಳಿಸಬೇಕಾದ ಸಂಗತಿಯೇ ಹೌದು, ನಿಜವಾಗಿದ್ದ ಪಕ್ಷದಲ್ಲಿ.

ಇಷ್ಟೆಲ್ಲ ನಗುವ ನಾಡಿನಲ್ಲಿ ಆಧಾರ್ ಕೇಂದ್ರದವರು ಮಾತ್ರ ‘ನಗ್ಬೇಡಿ, ಬಾಯ್ ಮುಚ್ಚಿ, ಕ್ಯಾಮೆರಾ ನೋಡಿ’ ಎನ್ನುತ್ತಾರೆ. ನಿಯಮವೇ ಹಾಗಿದೆ: ಮುಖದಲ್ಲಿ ಭಾವ ಇರಕೂಡದು, ಹಲ್ಲು ಸೇರಿರಬೇಕು, ಕಣ್ಣು ತೆರೆದಿರಬೇಕು. ಪಾಸ್‌ಪೋರ್ಟಿಗೂ ಗಂಭೀರ ಮುಖವೇ ಬೇಕು. ‘ಸ್ಮೈಲಿಂಗ್ ಫೇಸ್’ ಎಂದು ಬರೆದ ಅರ್ಜಿಗೆ ಲಗತ್ತಿಸುವ ಗುರುತಿನ ಚೀಟಿಯಲ್ಲಿ ಅರ್ಜಿದಾರರು ಈಗತಾನೇ ಸಾಲದ ನೋಟಿಸ್ ಓದಿದವರ ಹಾಗಿರುತ್ತಾರೆ. ಎರಡೂ ಸ್ವಯಂ ದೃಢೀಕೃತ.

ಸಾವಿನ ಸುದ್ದಿಗೂ ನಗು ಹರಡಿದೆ. ಕಣ್ಣೀರು ಸುರಿಸುವ ಹಳದಿ ಮುಖವನ್ನು ದುಃಖವೆಂದು ತಿಳಿದು ಶ್ರದ್ಧಾಂಜಲಿಯ ಕೆಳಗೆ ಸಾಲಾಗಿ ಒತ್ತುವ ಹಿರಿಯರು ಪ್ರತಿ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದ್ದಾರೆ. ಅದರ ಅಧಿಕೃತ ಹೆಸರು ‘ಫೇಸ್ ವಿತ್ ಟಿಯರ್ಸ್ ಆಫ್ ಜಾಯ್’. ನಕ್ಕು ನಕ್ಕು ಬಂದ ಕಣ್ಣೀರು ಅದು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದವೆಂದು ಆರಿಸಿದರು. ಪದವೇ ಅಲ್ಲದ್ದನ್ನು ಪದ ಎಂದವರ ಮುಂದೆ ನಮ್ಮ ಫ್ಲೆಕ್ಸ್ ಹುಡುಗ ಎಷ್ಟೋ ವಾಸಿ.

ಇಂಗ್ಲಿಷ್ ನಗುವಿನ ಪದ ಸರಿಯಾಗಿ ಬೇಕಾಗುವ ಜಾಗ ಒಂದೇ ಒಂದಿದೆ, ದೂರು ಅರ್ಜಿ. 2011ರ ಸಕಾಲ ಕಾಯ್ದೆ ಯಾವ ದಾಖಲೆ ಎಷ್ಟು ದಿನದಲ್ಲಿ ಕೊಡಬೇಕೆಂದು ಗಡುವು ಹಾಕಿದೆ, ಕೌಂಟರಿನಲ್ಲಿ ಮುಖ ಹೇಗಿರಬೇಕೆಂದು ಹೇಳಿಲ್ಲ. ಹತ್ತು ಸಲ ಅಲೆದವನು, ಇಂಗ್ಲಿಷಿನಲ್ಲಿದ್ದರೆ ತೂಕ ಜಾಸ್ತಿ ಎಂದು, ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಬರೆಸುತ್ತಾನೆ. ಗುಮಾಸ್ತರು ತನ್ನನ್ನು ನೋಡಿ ಕೊಂಕುನಗೆ ನಕ್ಕು ‘ನಾಳೆ ಬಾ’ ಎಂದರು ಎಂಬುದು ಅವನ ಸಂಕಟ. ಸ್ಮರ್ಕ್ ಎಂಬ ಪದ ಹುಟ್ಟಿರುವುದೇ ಈ ಸಾಲಿಗಾಗಿ. ಆದರೆ ಅಷ್ಟು ಹೊತ್ತಿಗೆ ಅದು ಫ್ಲೆಕ್ಸಿನ ಮೇಲೆ ಖರ್ಚಾಗಿರುತ್ತದೆ. ಟೈಪಿಸ್ಟ್ ಹೊಡೆಯುವುದು ‘ದ ಕ್ಲರ್ಕ್ ಸ್ಮೈಲ್ಡ್ ಅಟ್ ಮಿ’ ಎಂದು. ಮೂರು ವಾರದ ಮೇಲೆ ಹಿಂಬರಹ ಬರುತ್ತದೆ: ‘ಸದರಿ ಸಿಬ್ಬಂದಿಯು ಸಾರ್ವಜನಿಕರೊಂದಿಗೆ ನಗುಮೊಗದಿಂದ ವರ್ತಿಸಿರುವುದು ಅರ್ಜಿದಾರರ ಹೇಳಿಕೆಯಿಂದಲೇ ದೃಢಪಟ್ಟಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’