ಕೆಲಸ ಕೊಡದಿದ್ದರೆ ದುಡ್ಡು ಯಾರು ಕಟ್ಟಬೇಕು?

ಜನರಿಗೆ ಕೆಲಸ ಬೇಡ ಎಂದು ಇವತ್ತಿನವರೆಗೆ ಯಾವ ಪಕ್ಷವೂ ಹೇಳಿಲ್ಲ. ಯಾವ ಪ್ರಣಾಳಿಕೆ ತೆಗೆದರೂ ಉದ್ಯೋಗದ ಭರವಸೆ ಇದ್ದೇ ಇರುತ್ತದೆ. ಅದನ್ನೇ ಕಾನೂನು ಮಾಡೋಣ ಎಂದು ನೋಡಿ, ಎಲ್ಲರೂ ಹಿಂದೆಮುಂದೆ ನೋಡುತ್ತಾರೆ. ಕಾನೂನಾದರೆ ಜನ ಲೆಕ್ಕ ಕೇಳಬಹುದು. ಕೊಟ್ಟ ಮಾತು ತಪ್ಪಿದರೆ ಯಾರೋ ಒಬ್ಬರು ದುಡ್ಡು ಕಟ್ಟಬೇಕಾಗುತ್ತದೆ. ಜಗಳವೆಲ್ಲ ಆ 'ಯಾರೋ ಒಬ್ಬರು' ಯಾರು ಅನ್ನುವುದರ ಮೇಲೆಯೇ.

ಸಂವಿಧಾನದ 41ನೇ ವಿಧಿಯಲ್ಲಿ ಕೆಲಸದ ಹಕ್ಕಿನ ಮಾತಿದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತೂ ಜೊತೆಗಿದೆ. ಅದಿರುವುದು ಕೋರ್ಟಿಗೆ ಹೋಗಿ ಕೇಳಲಾಗದ ನಿರ್ದೇಶಕ ತತ್ವಗಳಲ್ಲಿ. 1989ರಲ್ಲಿ ವಿ.ಪಿ. ಸಿಂಗ್ ಅವರ ರಾಷ್ಟ್ರೀಯ ರಂಗ ಇದನ್ನು ಮೂಲಭೂತ ಹಕ್ಕು ಮಾಡುತ್ತೇವೆ ಎಂದಿತು. ವರ್ಷ ತುಂಬುವುದರೊಳಗೆ ಸರ್ಕಾರವೇ ಬಿತ್ತು. ಧೈರ್ಯ ಮಾಡಿದ್ದು ಮಹಾರಾಷ್ಟ್ರ. 1972ರ ಬರದ ಹೊತ್ತಿನ ಉದ್ಯೋಗ ಖಾತ್ರಿ ಯೋಜನೆ ಅಲ್ಲಿ 1977ರಲ್ಲಿ ಕಾನೂನಾಯಿತು. ಸಂಬಳದಾರರಿಂದ ವೃತ್ತಿ ತೆರಿಗೆ ವಸೂಲಿ ಮಾಡಿ ಅದಕ್ಕೆ ದುಡ್ಡು ಹೊಂದಿಸಿದರು. ದುಡ್ಡು ಎಲ್ಲಿಂದ ಬರುತ್ತದೆ ಎಂದು ತೋರಿಸಿದ್ದಕ್ಕೇ ಅದು ಬದುಕಿತು ಅಂತ ನನ್ನ ಅನಿಸಿಕೆ.

2004ರಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ಬಂತು. ವರ್ಷಕ್ಕೆ ನೂರು ದಿನದ ಕೆಲಸದ ಖಾತ್ರಿ ಕೊಡುತ್ತೇವೆ ಎಂದು ಬರೆದುಕೊಟ್ಟೇ ಬಂತು. ಎಡಪಕ್ಷಗಳ ಅರವತ್ತರಷ್ಟು ಸಂಸದರ ಒತ್ತಡ ಬೇರೆ. ಆದರೂ ಡಿಸೆಂಬರ್‌ನಲ್ಲಿ ಮಂಡನೆಯಾದ ಮಸೂದೆಯಲ್ಲಿ ಜೀವವೇ ಇರಲಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ ಕೆಲಸ. ಸರ್ಕಾರ ಬೇಕೆಂದಾಗ, ಬೇಕಾದ ಕಡೆ ನಿಲ್ಲಿಸಬಹುದು. ಕನಿಷ್ಠ ಕೂಲಿಯ ಭರವಸೆಯೂ ಇಲ್ಲ. ಕೇಳಿದವರಿಗೆಲ್ಲ ಕೊಡಬೇಕು ಅಂದ್ರೆ ಬಜೆಟ್‌ನಲ್ಲಿ ಎಷ್ಟು ಇಡೋದು, ಮಳೆ ಕೈಕೊಟ್ಟ ವರ್ಷ ಏನು ಗತಿ ಎಂಬ ಭಯ ಖಜಾನೆ ಕಾಯುವವರಿಗೆ. ಭಯ ಸುಳ್ಳಲ್ಲ. ಆದರೆ ಈ ಕಾನೂನು ಬೇಕಿದ್ದದ್ದೇ ಮಳೆ ಕೈಕೊಟ್ಟ ವರ್ಷಕ್ಕೆ ಅಲ್ವಾ?

ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು. ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್. ತಮಾಷೆ ಏನೆಂದರೆ ವಿರೋಧ ಪಕ್ಷದವರು ಅಧ್ಯಕ್ಷರಾಗಿದ್ದ ಆ ಸಮಿತಿಯೇ, ಬಡತನ ರೇಖೆಯ ಷರತ್ತು ತೆಗೆಯಿರಿ ಎಂದಿತು. ಆ ಬೇಸಿಗೆಯಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೆಜ್ ಮತ್ತು ಸಂಗಾತಿಗಳು ಬಸ್ಸಿನಲ್ಲಿ ರಾಜ್ಯ ರಾಜ್ಯ ಸುತ್ತಿ ಜನರನ್ನು ಸೇರಿಸಿದರು. 2005ರ ಆಗಸ್ಟ್ 23ರಂದು ಲೋಕಸಭೆ ಒಪ್ಪಿತು. ನಾವು ನರೇಗಾ ಅನ್ನುವ ಗ್ರಾಮೀಣ ಉದ್ಯೋಗ ಖಾತ್ರಿ ಕಾನೂನು ಇದೇ. ಮರುವರ್ಷ ಫೆಬ್ರುವರಿಯಲ್ಲಿ 200 ಜಿಲ್ಲೆಗಳಲ್ಲಿ ಶುರು. ನಮ್ಮಲ್ಲಿ ಮೊದಲ ಸರದಿ ಬೀದರ್, ಕಲಬುರಗಿ, ರಾಯಚೂರು, ಚಿತ್ರದುರ್ಗ, ದಾವಣಗೆರೆಯದು.

ಆ ಕಾನೂನಿನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ನಿರುದ್ಯೋಗ ಭತ್ಯೆ. ಅರ್ಜಿ ಹಾಕಿ 15 ದಿನದಲ್ಲಿ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಕೊಡಬೇಕು. ಆಗ ಕೂಲಿ ಪೂರ್ತಿ ಕೇಂದ್ರದ್ದು, ಭತ್ಯೆ ರಾಜ್ಯದ್ದು. ಅಂದರೆ ಕೆಲಸ ಕೊಟ್ಟರೆ ರಾಜ್ಯಕ್ಕೆ ಕೂಲಿಯ ಖರ್ಚಿರಲಿಲ್ಲ, ಕೊಡದಿದ್ದರೆ ಕೈಯಿಂದ ಕಟ್ಟಬೇಕಿತ್ತು. ಜಾಣ ಲೆಕ್ಕ! ನಮ್ಮ ಕಚೇರಿಗಳು ಇನ್ನೂ ಜಾಣ. ಎಷ್ಟೋ ಕಡೆ ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6, ತಗೊಳ್ಳುತ್ತಾರೆ, ದಿನಾಂಕ ಹಾಕಿದ ರಸೀದಿ ಮಾತ್ರ ಕೊಡುವುದಿಲ್ಲ. ರಸೀದಿ ಇಲ್ಲದಿದ್ದರೆ 15 ದಿನ ಯಾವತ್ತಿನಿಂದ ಎಣಿಸೋದು?

ಕೂಲಿಯ ಕಥೆಯೂ ಹೀಗೇ. ಕೇಂದ್ರ ತಾನೇ ದರ ಗೊತ್ತುಮಾಡಬಹುದು ಎಂದು 6ನೇ ಸೆಕ್ಷನ್‌ನಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಕನಿಷ್ಠ ಕೂಲಿ ಕೊಡಲೇಬೇಕು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದಾಗ ಕೇಂದ್ರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಇದ್ದದ್ದು ಅದೇ ಯುಪಿಎ!

ಈಗ 2025ರ ಡಿಸೆಂಬರ್‌ಗೆ ಬನ್ನಿ. ನರೇಗಾ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಉದ್ಯೋಗ ಖಾತ್ರಿ ಮಸೂದೆ ಬಂತು. ಹಿಂದಿನದಕ್ಕೆ ತಿಂಗಳುಗಟ್ಟಲೆ ಹಿಡಿದಿತ್ತು, ಇದು ಒಂದೇ ವಾರದಲ್ಲಿ ಎರಡೂ ಸದನ ದಾಟಿತು. ಟಿವಿ ತುಂಬಾ ಹೆಸರಿನದೇ ಜಗಳ. 125 ದಿನ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ 60 ದಿನ ಕೆಲಸ ನಿಲ್ಲಿಸುವುದೂ ಅದರಲ್ಲಿದೆ. ಆಳು ಸಿಗಲ್ಲ ಎಂಬ ರೈತರ ದೂರು ನಿಜವೇ, ಅದನ್ನು ಒಪ್ಪುತ್ತೇನೆ. ನನಗೆ ಚಿಂತೆ ಹತ್ತಿಸಿದ್ದು ದುಡ್ಡಿನ ಸೆಕ್ಷನ್. ನಮ್ಮಂಥ ರಾಜ್ಯಗಳಿಗೆ ಕೇಂದ್ರದ್ದು 60, ರಾಜ್ಯದ್ದು 40. ಪ್ರತಿ ರಾಜ್ಯಕ್ಕೆ ಎಷ್ಟು ಎಂದು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ. ಅದನ್ನು ಮೀರಿದ್ದೆಲ್ಲ ರಾಜ್ಯದ ತಲೆ ಮೇಲೆ.

ಒಂದು ಲೆಕ್ಕ ಹಾಕಿ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹೊಸ ಲೆಕ್ಕದಲ್ಲಿ ಒಬ್ಬರಿಗೆ ಒಂದು ದಿನ ಕೆಲಸ ಕೊಟ್ಟರೆ ರಾಜ್ಯದ ಪಾಲು 148 ರೂಪಾಯಿ. ಕೊಡದೆ ಭತ್ಯೆ ಕಟ್ಟಿದರೆ ಮೊದಲ 30 ದಿನ 92 ರೂಪಾಯಿ 50 ಪೈಸೆ. ರಸೀದಿಯನ್ನೇ ಕೊಡದಿದ್ದರೆ ಸೊನ್ನೆ. ಹಣಕಾಸು ಇಲಾಖೆಯಲ್ಲಿ ಕೂತವರಿಗೆ ಯಾವುದು ಹಿಡಿಸುತ್ತದೆ, ನೀವೇ ಹೇಳಿ.

ನಿಮ್ಮೂರ ಪಂಚಾಯಿತಿಯಲ್ಲಿ ಕೆಲಸ ಕೇಳಿ, ಸಿಗದೆ, ನಿಜಕ್ಕೂ ಭತ್ಯೆ ಕೈಗೆ ಬಂದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಯಾವ ತಾಲ್ಲೂಕು, ಯಾವ ವರ್ಷ ಅಂತಾನೂ ಹಾಕಿ.